ಕ್ಲೆಮ್ ಹುಲ್ಲು

ಹೋಬಾರ್ಟ್
14 ಮಾರ್ಚ್ 2023

ಪ್ರಿಯ ಕ್ಲೆಮ್,

ಮಂಡಿನೋವು ಹೇಗಿದೆ? ಕ್ರಿಸ್‌ಮಸ್‌ಗೆ ನೀನು ಕಳಿಸಿದ ಪ್ಲಮ್ ಜಾಮ್ ಮುಗಿದೇ ತಿಂಗಳಾಯಿತು, ಉತ್ತರ ಈಗ ಬರೆಯುತ್ತಿದ್ದೇನೆ. ಬೈದುಕೋ, ಪರವಾಗಿಲ್ಲ.

ಜನವರಿಯಲ್ಲಿ ದಕ್ಷಿಣದ ನಮ್ಮ ಆ ಚಳಿಯ ದ್ವೀಪಕ್ಕೆ ಕೆಲಸದ ಮೇಲೆ ಕೊನೆಯ ಸಲ ಹೋಗಿಬಂದೆ. ಹೊರಗಿನ ಒಂದು ಬೀಜವೂ ಅಲ್ಲಿನ ಮಣ್ಣಿಗೆ ಬೀಳಬಾರದೆಂದು ಇಳಿಯುವ ಮೊದಲು ಈಗಲೂ ಅದೇ ಪದ್ಧತಿ. ಹಡಗಿನ ಡೆಕ್ಕಿನ ಮೇಲೆ ಜೋಡಿಯಾಗಿ ಕೂತು ಒಬ್ಬರ ಕಾಲ್ಚೀಲ, ಜೇಬು, ಬೂಟಿನಿಂದ ಇನ್ನೊಬ್ಬರು ಚಿಮಟದಲ್ಲಿ ಬೀಜ ಹೆಕ್ಕಿ, 'ಇವರು ಸ್ವಚ್ಛ' ಎಂದು ಸಹಿ ಹಾಕಬೇಕು. ನನಗೆ ಜೋಡಿ ಟೆಸ್ಸಾ, ಇನ್ನು ಮುಂದೆ ನನ್ನ ಕೆಲಸ ನೋಡಿಕೊಳ್ಳುವವಳು. "ಕಾಲು ಚಾಚು ರೋ, ನಿನ್ನ ನಂಬೋಕಾಗಲ್ಲ, ಅರ್ಧ ತೋಟ ಹೊತ್ಕೊಂಡು ಬಂದಿರ್ತೀಯ" ಎಂದಳು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ನಿನ್ನ ಹೆಸರಿನ ಹುಲ್ಲು ಈಗ ಗುಡ್ಡದ ನೆತ್ತಿ ಹತ್ತಿದೆ. ಹೊಸಬರೂ ಅದನ್ನು 'ಕ್ಲೆಮ್ ಹುಲ್ಲು' ಎಂದೇ ಕರೆಯುತ್ತಾರೆ. ಮೊದಲು ನಾವು ತಂಗುವ ಗುಡಿಸಲ ಸುತ್ತ ನಾಲ್ಕು ಗೇಣು ಇತ್ತು, ಮೇಲಿನ ಚಳಿ ಅದನ್ನು ತಡೆದಿತ್ತು. ನನ್ನ ಇಪ್ಪತ್ತೆರಡು ವರ್ಷದ ಅಳತೆಯಲ್ಲಿ ಆ ಚಳಿ ಒಂದು ಡಿಗ್ರಿ ಸಡಿಲವಾಗಿದೆ, ಅಷ್ಟೇ ಸಾಕಾಯಿತು. ನೆತ್ತಿಯಲ್ಲಿ ದಿಂಬಿನ ಹಾಗೆ ನೆಲಕ್ಕಂಟಿ ಬೆಳೆಯುತ್ತಿದ್ದ ಮೆತ್ತೆಗಿಡಗಳೆಲ್ಲ ಅದರಡಿ ಸಿಕ್ಕಿ ಕಂದುಬಣ್ಣಕ್ಕೆ ತಿರುಗಿವೆ. ನೋಡಿ ಸಂಕಟವಾಯಿತು. ಈ ಹುಲ್ಲಿನ ಬಗ್ಗೆ ಬರೆದೇ ನಾನು ದೊಡ್ಡ ಹೆಸರು ಮಾಡಿದ್ದು. ನೀನು ಮಾತ್ರ ಮತ್ತೆ ದ್ವೀಪಕ್ಕೆ ಕಾಲಿಡುವ ಹಾಗಿಲ್ಲವೆಂದು ಕಚೇರಿಯವರು ಹೇಳಿಬಿಟ್ಟರು.

ಆ ಮೊದಲ ಪ್ರಯಾಣದಲ್ಲಿ ನನ್ನ ಜೋಡಿ ನೀನು. "ಕಾಲ್ಚೀಲ ತೋರ್ಸೇ" ಅಂದೆ ನೀನು. "ಮನೇಲೇ ನೋಡ್ಕೊಂಡಿದೀನಿ ಮಾರಾಯ, ಸಹಿ ಹಾಕು, ದಡಕ್ಕೆ ದೋಣಿ ಹೊರಡ್ತಿದೆ" ಅಂದೆ ನಾನು. ನೀನು ಹಾಕಿದೆ. ಮುಂದಿನ ವರ್ಷ ಹುಲ್ಲು ಮೊಳೆತು ವಿಚಾರಣೆಯಾದಾಗ "ನೋಡಿದ್ದೆ, ಕಣ್ತಪ್ಪಿಹೋಯ್ತು" ಎಂದುಬಿಟ್ಟೆ ನೀನು. ನಾನು ಪಕ್ಕದಲ್ಲೇ ಕೂತಿದ್ದೆ, ಬಾಯಿ ಬಿಡಲಿಲ್ಲ.

ನಿನಗೆ ನೋಡಲು ನಾನೇ ಬಿಡಲಿಲ್ಲವೆಂದು ಸೋಮವಾರ ಕಚೇರಿಗೆ ಬರೆದುಕೊಟ್ಟೆ. ಅದರ ಪ್ರತಿ ಇದರೊಂದಿಗಿದೆ. ಅದು ಅವಸರದ ತಪ್ಪು, ಇಬ್ಬರದೂ, ಎಂದು ಇಷ್ಟು ವರ್ಷ ಸಮಾಧಾನ ಮಾಡಿಕೊಂಡಿದ್ದೆ.

ತಣ್ಣೀರಿಗಿಳಿದು ಮೀನು ಹಿಡಿಯಬೇಡ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ
ರೋವೀನಾ

ತಾ.ಕ.: ಅವಸರವಷ್ಟೇ ಅಲ್ಲ, ಕ್ಲೆಮ್. ಇಳಿದ ದಿನವೇ ಗುಡಿಸಲ ಮೆಟ್ಟಿಲಲ್ಲಿ ಕೂತು ಕಾಲ್ಚೀಲ ಕಳಚಿದಾಗ ಬೀಜ ಕಂಡೆ, ನಮ್ಮ ಮನೆ ಹಿತ್ತಲಿನ ಹುಲ್ಲಿನವೇ. ಸಿಕ್ಕಷ್ಟನ್ನು ಹೆಕ್ಕಿ ಡಬ್ಬಿಯಲ್ಲಿ ಮುಚ್ಚಿಟ್ಟೆ, ಉದುರಿದ್ದು ಎಷ್ಟೋ. ಆಗಲೇ ಹೇಳಿದ್ದರೆ ಅಲ್ಲಿನ ಮಣ್ಣು ಕೆರೆದು ತೆಗೆದು ಮುಗಿಸಬಹುದಿತ್ತು. ಮೊದಲ ಕೆಲಸ, ವಾಪಸು ಕಳಿಸುತ್ತಾರೆಂದು ಹೆದರಿದೆ. ಒಳಗಿಂದ ನೀನು "ಹೊರಗೇನ್ ಮಾಡ್ತಿದೀಯೇ, ಸೂಪ್ ಆರ್ತಿದೆ" ಎಂದು ಕೂಗಿದೆ. "ಏನಿಲ್ಲ, ಬಂದೆ" ಅಂದೆ ನಾನು.