ಹೆರೆದ ಪುಟ ನನ್ನ ಮುಂದೆ ಬಂತು

ಗುರುಪಾದ ಕಾಕಾ,

ದಾಖಲೆ ಖೋಲಿಯಲ್ಲಿ ನಿಮ್ಮ ಕೈಕೆಳಗೆ ಕಳೆದ ಮೊದಲ ವಾರ ನೆನಪಾಗುತ್ತಿದೆ. ತಪ್ಪಾದ ಅಕ್ಷರದ ಮೇಲೆ ಇನ್ನೊಂದು ಬರೆಯಹೊರಟ ನನ್ನ ಕೈ ಹಿಡಿದಿರಿ. “ಹಂಗ ತಿದ್ದಬ್ಯಾಡಪಾ. ಅಡ್ಡ ಗೆರಿ ಒಂದ ಎಳಿ, ಕೆಳಗಿಂದು ಓದಾಕ ಬರಬೇಕು. ಬಾಜೂಕ ಸಹಿ ಮಾಡು.” ಈಗ ಅದನ್ನೇ ಬ್ಲಾಕ್‌ಚೈನ್ ಎಂದು ತಂದಿದ್ದಾರೆ. ಒಮ್ಮೆ ಏರಿಸಿದ ಜಮೀನಿನ ದಾಖಲೆ ಎಷ್ಟೋ ಕಚೇರಿಗಳ ಯಂತ್ರಗಳಲ್ಲಿ ಒಟ್ಟಿಗೇ ಕೂರುತ್ತದೆ. ಒಂದರಲ್ಲಿ ಗುಟ್ಟಾಗಿ ಅಳಿಸಿದರೆ ಉಳಿದವು ಒಪ್ಪುವುದಿಲ್ಲ. ಕೇಳಿದ್ದರೆ ನಗುತ್ತಿದ್ದಿರಿ, ಇಷ್ಟಕ್ಕೆ ಯಂತ್ರ ಯಾಕೆ ಬೇಕು ಅಂತ.

ಇಂದು ಮಧ್ಯಾಹ್ನ ಹಳೆಯ ರಿಜಿಸ್ಟರ್ ಯಂತ್ರಕ್ಕೆ ಏರಿಸುತ್ತಿದ್ದೆ, ಆ ಪುಟ ಬಂತು. ಒಂದು ಜಮೀನಿಗೆ ವಾರಸುದಾರರಾದ ಅಣ್ಣಂದಿರ ಹೆಸರುಗಳ ಕೆಳಗೆ ಬ್ಲೇಡಿನಿಂದ ಹೆರೆದು ತೆಳ್ಳಗಾದ ಜಾಗ. ಅಲ್ಲಿ ಅವರ ತಂಗಿ ಕಸ್ತೂರಬಾಯಿಯ ಹೆಸರಿತ್ತು. ತಿದ್ದಿದವರು ಯಾರು ಎಂದು ಯಂತ್ರ ಕೇಳುತ್ತಿತ್ತು. ಆಗ ನಡೆದ ವಿಚಾರಣೆಯ, ಆ ಚೌಕಶಿಯ ಕಾಗದದಲ್ಲಿ ನಿಮ್ಮ ಹೆಸರಿದೆ, ರಿಜಿಸ್ಟರ್ ನಿಮ್ಮ ತಾಬೆಯಲ್ಲಿತ್ತು ಎಂಬುದಕ್ಕೆ. ಅದಕ್ಕೇ ಸಸ್ಪೆಂಡ್ ಆದಿರಿ, ಮನೆ ಬಿಟ್ಟು ಹೊರಗೆ ಬರಲಿಲ್ಲ, ವರ್ಷ ತುಂಬುವುದರೊಳಗೆ ನೀವು...

ಹೆರೆದವನು ನಾನು, ಕಾಕಾ. ನೀವು ಕಾಕೂನ ಕಣ್ಣು ತೋರಿಸಲು ಸೊಲ್ಲಾಪುರಕ್ಕೆ ಹೋಗಿದ್ದ ದಿನ. ಆ ಅಣ್ಣಂದಿರು ನನಗೊಂದು ಮೋಟರ್‌ಸೈಕಲ್ ಕೊಡಿಸಿದ್ದರು. ನೀವು ಸಸ್ಪೆಂಡ್ ಆದ ಸಂಜೆ ಅದರ ಮೇಲೆಯೇ ನಿಮ್ಮನ್ನು ಅಕ್ಕಲಕೋಟದ ಮನೆಗೆ ಬಿಟ್ಟುಬಂದೆ. ದಾರಿಯುದ್ದಕ್ಕೂ ನನ್ನ ಹೆಗಲ ಮೇಲೆ ಕೈಯಿಟ್ಟು ಕೂತಿದ್ದಿರಿ. ನಿಮಗೆ ಗೊತ್ತಿತ್ತೇ? ಗೊತ್ತಿದ್ದೂ ಸುಮ್ಮನೆ...

“ಚೌಕಶ್ಯಾಗ ಏನದ ಅದನ್ನ ಹಾಕಿ ಬಟನ್ ಒತ್ತು. ಸತ್ತವರಿಗಿ ಏನ್ ಆಗ್ತದ?” ಹಿಂದೆ ನಿಂತಿದ್ದ ಸಾಹೇಬರು ಅವಸರ ಮಾಡಿದರು. ಒತ್ತಿದ್ದರೆ ನನ್ನ ಸುಳ್ಳು ಅಷ್ಟೂ ಯಂತ್ರಗಳಲ್ಲಿ ಖಾಯಂ ಆಗುತ್ತಿತ್ತು. ಲಂಚ ತಡೆಯಲು ತಂದದ್ದೇ ನಿಮ್ಮನ್ನು ಕೊನೆತನಕ ಲಂಚಕೋರ ಎನ್ನುತ್ತಿತ್ತು. ನೌಕರಿ, ಮಗಳ ಶಾಲೆ, ಬಾಡಿಗೆ ಮನೆ, ಎಲ್ಲ ಕಣ್ಣಮುಂದೆ ಬಂದವು. ನಿಮ್ಮ ಹೆಸರಿನ ಜಾಗದಲ್ಲಿ ನನ್ನ ಹೆಸರು ಬರೆದೆ. ಯಾರ ಹೆಸರು ಹೆರೆದೆ, ಯಾರಿಗಾಗಿ ಹೆರೆದೆ ಎಂಬುದನ್ನೂ ಬರೆದು ಬಟನ್ ಒತ್ತಿಬಿಟ್ಟೆ.

“ಹುಚ್ಚ ಹಿಡದದೇನ ನಿನಗ? ತೆಗಿ ಅದನ್ನ.”

“ತೆಗ್ಯಾಕ ಬರಂಗಿಲ್ಲರಿ, ಸಾಹೇಬ್ರ.”

ಕಸ್ತೂರಬಾಯಿಗೆ ಇನ್ನು ತನ್ನ ಪಾಲು ಕೇಳಲು ಆಧಾರ ಸಿಕ್ಕಿತು. ನನಗೆ ನೋಟೀಸು ನಾಳೆಯೇ ಬರಬಹುದು. ಹೆದರಿಕೆ ಇಲ್ಲ ಅನ್ನಲಾರೆ. ಆದರೆ ಅದಕ್ಕಿಂತ ದೊಡ್ಡ ಹೆದರಿಕೆ ಈಗ, ನಿಮ್ಮ ಓಣಿಯ ಮೂಲೆಯ ಕಟ್ಟೆಯ ಮೇಲೆ ಕೂತು ಇದನ್ನು ಬರೆಯುವಾಗ. ನೀವು ಹೋದಮೇಲೆ ನಾನು ಬಂದಾಗೆಲ್ಲ ಕಾಕು ಬಿಸಿ ರೊಟ್ಟಿ ಹಾಕಿ, “ಕಚೇರಿಯವರೊಳಗ ನೀ ಒಬ್ಬಾಂವ ನಮ್ಮನ್ನ ಬಿಡಲಿಲ್ಲ ನೋಡು ಸಿದ್ದೂ” ಎನ್ನುತ್ತಾರೆ. ಎಷ್ಟು ಸಲ ಉಂಡೆನೋ ಆ ಮಾತು ಕೇಳುತ್ತ.

ಇವತ್ತು ಉಣ್ಣುವ ಮೊದಲೇ ಹೇಳುತ್ತೇನೆ, ಕಾಕಾ. ಅವರು ಕದ ಹಾಕಿಕೊಂಡರೆ ಹೊರಗೆ ನಿಂತು ಹೇಳುತ್ತೇನೆ, ಓಣಿಯವರೆಲ್ಲ ಕೇಳುವಂತೆ.