ಗಡ್ಡದಮ್ಮನ ಟವೆಲ್ಲು

ರೀ,

ಕೊನೇ ಟೆರಿಯರ್ ನಾಯಿಮರಿ ತಗೊಂಡು ಹೋಗೋಕೆ ಟೀಚರಮ್ಮ ಮಧ್ಯಾಹ್ನ ಬರ್ತಾರೆ. ನಾನು ತಂಗಿ ಮನೇಲಿರ್ತೀನಿ, ಫೋನ್ ಮಾಡಬೇಡಿ. ಅವರ ಮನೆ ನಾನೇ ಹೋಗಿ ನೋಡಿ ಬಂದಿದ್ದೀನಿ. ಅಲ್ಲಿ ಗೇಟು ತಾನಾಗೇ ಮುಚ್ಚಿಕೊಳ್ಳುತ್ತೆ.

ಮರಿಗೆ ಹೊಟ್ಟೆ ಬಿರಿಯ ತಿನ್ನಿಸಬೇಡಿ, ಕಾರಲ್ಲಿ ವಾಂತಿ ಮಾಡ್ಕೊಳ್ಳುತ್ತೆ. ಲಸಿಕೆ ಕಾರ್ಡು, ತಳಿಯ ಸರ್ಟಿಫಿಕೇಟು ಟಿವಿ ಪಕ್ಕದಲ್ಲಿವೆ.

"ತಾಯಿನ ತೋರಿಸಿ" ಅಂತ ಕೇಳೇ ಕೇಳ್ತಾರೆ. ತಾಯಿನ ನೋಡದೆ ಮರಿ ತಗೋಬೇಡಿ ಅಂತ ಬಂದವರಿಗೆಲ್ಲ ಪಾಠ ಹೇಳಿದವಳು ನಾನೇ ಅಲ್ವಾ. ಏನೂ ಮುಚ್ಚಿಡಬೇಡಿ. ನಮ್ಮ ಗಡ್ಡದಮ್ಮ ಹೋದ ವಾರ ರಸ್ತೆಗೆ ಓಡಿ ಕಾರಿಗೆ ಸಿಕ್ಕಿ ಸತ್ತಳು, ಕಾಯಿಲೆ ಏನೂ ಇರಲಿಲ್ಲ ಅಂತ ಹೇಳಿ. ಗೇಟು ತೆಗೆದಿಟ್ಟಿದ್ದು ಯಾರು ಅಂತ ಹೇಳೋದು ಬೇಡ. ಅದು ನಮ್ಮಿಬ್ಬರಲ್ಲೇ ಇರಲಿ.

ತಾಯಿ ಮಲಗಿದ ಬಟ್ಟೇಲಿ ಒಂದು ತುಂಡು ಮರಿ ಜೊತೆ ಕಳಿಸ್ತೀವಲ್ಲ, ಆ ವಾಸನೆಗೆ ಹೊಸ ಮನೇಲಿ ಅಳದೆ ಮಲಗಲಿ ಅಂತ. ಅವಳ ಕೂದಲು ಕಂಡ್ರೆ ನಾನು ಅಳ್ತೀನಿ ಅಂತ ನೀವು ಪಾಪ ಎಲ್ಲಾನೂ ಒಗೆದುಬಿಟ್ರಿ. ಒಗೆಯದೆ ಉಳಿದಿರೋದು ಒಂದೇ ಟವೆಲ್ಲು, ನನ್ನ ದಿಂಬಿನ ಕೆಳಗಿದೆ. ಅದನ್ನ ಕತ್ತರಿಸಬೇಡಿ, ಪೂರ್ತಿ ಕೊಟ್ಟುಬಿಡಿ. ನಾನು ಮನೇಲಿದ್ರೆ ಕೊಡೋಕೆ ಬಿಡ್ತಿರಲಿಲ್ಲ.