ಎರಡನೇ ಬಟ್ಟಲು

7 ಫೆಬ್ರವರಿ 2000, ಸೋಮವಾರ

ಬಸ್ ಬರಲಿಲ್ಲ. ನಾರಾಯಣಗೂಡದಿಂದ ಹಿಮಾಯತ್‌ನಗರಕ್ಕೆ ನಡೆದೇ ಆಫೀಸು. ಬೆವರು ಒರೆಸಿಕೊಳ್ಳುತ್ತಾ ಒಳಗೆ ಹೋದರೆ ಕಿಟಕಿ ಪಕ್ಕದ ಕ್ಯಾಬಿನ್‌ನಲ್ಲಿ ಗಾನವಿ. ನಾನು ವರ್ಷಗಟ್ಟಲೆ ಕೇಳಿದ ಕ್ಯಾಬಿನ್. ಅವಳು ಮೈಸೂರಿನಿಂದ ಬಂದು ಇನ್ನೂ ತಿಂಗಳಾಗಿಲ್ಲ. ಎಂಬಿಎ, ಲ್ಯಾಪ್‌ಟಾಪ್, ಸೊಂಟಕ್ಕೆ ಮೊಬೈಲು.

ಮಧ್ಯಾಹ್ನ ಮೀಟಿಂಗ್. ನಮ್ಮ ಕಂಪನಿಯ ಬ್ರೇಕ್‌ಫಾಸ್ಟ್ ಡಬ್ಬಿಗಳು ವಿದೇಶದಲ್ಲಿ ಮೊದಲಿನ ಹಾಗೆ ಹೋಗುತ್ತಿಲ್ಲ, ಇಂಡಿಯಾದಲ್ಲಿ ಹೊಸದೇನಾದರೂ ಮಾಡಿ ಅಂತ ಸಿಂಗಪುರದ ಆಫೀಸು ಹೇಳಿದೆ. ಗಾನವಿಯ ಸ್ಟ್ರಾಟೆಜಿ: ಜೋಳದ ಫ್ಲೇಕ್ಸ್. ಹಾಲಿಗೆ ಹಾಕಿಕೊಂಡು ತಿನ್ನುವುದು. ರೊಟ್ಟಿ ತಿನ್ನುವವರಿಗೆ ಜೋಳ ಹೊಸದಲ್ಲವಂತೆ. ಹೈದರಾಬಾದಿನಲ್ಲಿ ಗೆದ್ದರೆ ರಾಯಚೂರು, ಸೊಲ್ಲಾಪುರ, ಆಮೇಲೆ ಸುಡಾನ್, ನೈಜೀರಿಯಾ. ನಕ್ಷೆಯ ಮೇಲೆ ಬಾಣಗಳು ಓಡಿದವು. ಬಾಸ್ ಸತೀಶ್ ಬಾಯಿ ಬಿಟ್ಟುಕೊಂಡು ನೋಡಿದರು.

ಎರಡು ವರ್ಷದ ಹಿಂದೆ ನಾನು ಖಡಕ್ ರೊಟ್ಟಿ ಪ್ಯಾಕೆಟ್ ಮಾಡೋಣ ಅಂದಿದ್ದೆ. ಸಾಫ್ಟ್‌ವೇರ್ ಹುಡುಗರು ರೂಮಿನಲ್ಲಿ ಇಟ್ಟುಕೊಂಡು ತಿಂತಾರೆ, ತಿಂಗಳಾದರೂ ಕೆಡಲ್ಲ ಅಂತ. "ರೊಟ್ಟಿ ಸಿಂಗಪುರದವರಿಗೆ ಅರ್ಥ ಆಗೋದಿಲ್ಲ ಸುವರ್ಣಾ" ಅಂದಿದ್ದರು ಇದೇ ಸತೀಶ್. ಈಗ ಫ್ಲೇಕ್ಸ್ ಅರ್ಥವಾಯಿತು.

ಸೌತ್ ಹೆಡ್ ಪೋಸ್ಟ್ ಖಾಲಿ ಇದೆ. ನನಗೇ ಬರಬೇಕಾದದ್ದು. ಇದು ಗೆದ್ದರೆ ಅವಳಿಗೆ.

ಹೊಟ್ಟೆಕಿಚ್ಚು. ಹೌದು. ಇಲ್ಲಿ ಯಾರು ಓದುತ್ತಾರೆ.

19 ಫೆಬ್ರವರಿ, ಶನಿವಾರ

ಸರ್ವೆ. ರಾಯಚೂರು ಕಡೆಯವರ ಮನೆಗಳನ್ನು ತೋರಿಸಲು ನಾನು ಬೇಕು, ಫ್ಲೇಕ್ಸ್ ಬಟ್ಟಲು ಕೊಟ್ಟು ರುಚಿ ಕೇಳಲು ಅವಳು. ಹೋದ ಕಡೆಯೆಲ್ಲ ಒಂದೇ ಮಾತು — "ಚಲೋ ಐತ್ರಿ." ಗಾನವಿ ಟಿಕ್ ಹಾಕಿದ್ದೇ ಹಾಕಿದ್ದು.

ಕೊನೆಗೆ ನಮ್ಮ ಮನೆ. ನಮ್ಮ ಅತ್ತೆ ಅಂಬವ್ವನೂ ಎರಡು ಚಮಚ ತಿಂದು, "ಚಲೋ ಐತಿ ತಂಗಿ" ಅಂದರು. ಅವಳು ಮೆಟ್ಟಿಲು ಇಳಿದದ್ದೇ ತಡ, ಬಟ್ಟಲನ್ನು ಮಾಳಿಗೆ ಮೇಲೆ ಗುಬ್ಬಿಗಳಿಗೆ ಸುರಿದು ಬಂದರು.

"ಅತ್ತಿ, ಚಲೋ ಐತಿ ಅಂದ್ರಲ್ಲ?"

"ಪಾಪ, ಬಿಸಿಲಾಗ ಬಂದೈತಿ ಕೂಸು. ಚಲೋ ಇಲ್ಲ ಅಂತ ಮಾರಿ ಮ್ಯಾಲ ಹೆಂಗ ಅನ್ಲಿ? ಎರಡನೇ ಸಲ ಹಾಕಿಸ್ಕೊಂಡ್ರ ರುಚಿ. ಕೈ ಅಡ್ಡ ಹಿಡಿದ್ರ ಬರೇ ಮರ್ಯಾದಿ. ನಿನಗ ಗೊತ್ತಿಲ್ಲೇನು?"

ಗೊತ್ತಿತ್ತು. ಬೆಳಿಗ್ಗೆಯಿಂದ ಗೊತ್ತಿತ್ತು. ಇವತ್ತು ಯಾವ ಮನೆಯಲ್ಲೂ ಒಬ್ಬರೂ ಎರಡನೇ ಬಟ್ಟಲು ಕೇಳಲಿಲ್ಲ.

3 ಮಾರ್ಚ್

ಊಟದ ಹೊತ್ತಿಗೆ ಗಾನವಿ ನನ್ನ ಟೇಬಲ್ಲಿಗೇ ಬಂದಳು. ಕೈಯಲ್ಲಿ ಮೈಸೂರ್ ಪಾಕ್ ಡಬ್ಬಿ. ನಾಳೆ ರಿಪೋರ್ಟ್ ಸಿಂಗಪುರಕ್ಕೆ ಹೋಗುತ್ತದೆ.

"ಅಕ್ಕ, ನಮ್ಮ ಮನೇಲಿ ಜೋಳ ತಿಂದು ಗೊತ್ತಿಲ್ಲ. ಎಲ್ಲರೂ ಚೆನ್ನಾಗಿದೆ ಅಂತಾರೆ, ಆದ್ರೂ ಯಾಕೋ ಭಯ. ನೀವು ನಿಜ ಹೇಳಿ. ನಿಜವಾಗ್ಲೂ ಚೆನ್ನಾಗಿದೆಯಾ?"

ಮುಖದಲ್ಲಿ ನಾಟಕ ಇರಲಿಲ್ಲ. ಅದೇ ಇನ್ನೂ ಸಿಟ್ಟು ತರಿಸಿತು. ಕ್ಯಾಬಿನ್ನೂ ಬೇಕು, ಪೋಸ್ಟೂ ಬೇಕು, ಜೊತೆಗೆ ಒಳ್ಳೆಯವಳೂ ಆಗಬೇಕು ಇವಳಿಗೆ.

"ಭಾಳ ಚಲೋ ಐತಿ" ಅಂದೆ.

ಉಸಿರು ಬಿಟ್ಟು ನಕ್ಕಳು. ಮೈಸೂರ್ ಪಾಕ್ ನಿಜಕ್ಕೂ ಚೆನ್ನಾಗಿತ್ತು. ಎರಡನೆಯದನ್ನು ಕೇಳಿ ತೆಗೆದುಕೊಂಡೆ.

11 ಜೂನ್

ಇಷ್ಟು ದಿನ ಏನೂ ಬರೆಯಲಿಲ್ಲ. ಲಾಂಚ್, ಬ್ಯಾನರು, ಬಲೂನು... ನಾನೂ ಚಪ್ಪಾಳೆ ತಟ್ಟಿದೆ. ಈಗ ಸಿಕಂದರಾಬಾದಿನ ಅಂಗಡಿಗಳಲ್ಲಿ ಒಂದಕ್ಕೆ ಒಂದು ಫ್ರೀ. ಆದರೂ ಡಬ್ಬಿ ವಾಪಸ್. ಒಮ್ಮೆ ಕೊಂಡವರು ಮತ್ತೆ ಕೊಳ್ಳಲಿಲ್ಲ.

ಗಾನವಿ ಸೊರಗಿದ್ದಾಳೆ. ನನಗೆ ಖುಷಿಯಾಯಿತು. ಸುಳ್ಳೇಕೆ ಬರೆಯಲಿ.

25 ಜೂನ್, ಭಾನುವಾರ

ಗಾನವಿ ಹೇಳದೆ ಕೇಳದೆ ಮನೆಗೆ ಬಂದಳು. ನನ್ನ ಹತ್ತಿರ ಅಲ್ಲ, ಅತ್ತೆಯ ಹತ್ತಿರ. ನೆಲದ ಮೇಲೆ ಕೂತು, "ಅಜ್ಜಿ, ಎಲ್ಲಿ ತಪ್ಪಾಯ್ತು ಹೇಳಿ" ಅಂದಳು.

ಅತ್ತೆ ಒಂದೂ ಬಿಡದೆ ಹೇಳಿದರು. ಗುಬ್ಬಿ, ಮರ್ಯಾದೆ, ಎರಡನೇ ಬಟ್ಟಲು. ನಾನು ಚಹಾ ತಂದೆ. ಆಗಲೇ —

"ಸುವರ್ಣಾಗ ಎಲ್ಲಾ ಗೊತ್ತಿತ್ತಲ್ಲವ್ವಾ. ಹೇಳಲಿಲ್ಲೇನು?"

ಗಾನವಿ ನನ್ನನ್ನು ನೋಡಿದಳು. ಚಹಾ ಪೂರ್ತಿ ಕುಡಿದು, "ಬರ್ತೀನಿ ಅಕ್ಕ" ಅಂತ ಹೋದಳು. ಬೈದಿದ್ದರೆ ಚೆನ್ನಾಗಿತ್ತು.

4 ಆಗಸ್ಟ್

ಸತೀಶ್‌ಗೆ ಅವಳು ಚಾಡಿ ಹೇಳಿಲ್ಲ. ದಿನವೂ ಕಾದೆ. ಇಲ್ಲ.

ಬದಲಿಗೆ ಸಿಂಗಪುರಕ್ಕೆ ಹೋಗಿ, ನಾವು ಯಾಕೆ ಸೋತೆವು ಅಂತ ಭಾಷಣ ಮಾಡಿ ಬಂದಿದ್ದಾಳೆ. ರುಚಿ ಹೇಗಿದೆ ಅಂತ ಕೇಳಬೇಡಿ, ಎರಡನೇ ಬಟ್ಟಲು ಬೇಕಾ ಕೇಳಿ — ಇದು ಈಗ ಹೊಸ ಸ್ಟ್ರಾಟೆಜಿ. ಏಷ್ಯಾ ಪೂರ್ತಿ ಇನ್ನು ಹೀಗೇ ಸರ್ವೆಯಂತೆ. ಅವಳಿಗೆ ಸಿಂಗಪುರಕ್ಕೆ ಪ್ರಮೋಷನ್. ಯಾವ ದೇಶದಲ್ಲಿ ಯಾವ ತಿಂಡಿ ಅಂತ ಇನ್ನು ಮೇಲೆ ಅವಳೇ ನಿರ್ಧರಿಸುವುದು.

ನಮ್ಮ ಅಡುಗೆಮನೆಯ ಮಾತು. ನನ್ನ ಕೈಯಲ್ಲೇ ಇತ್ತು. ಅವಳನ್ನು ಬೀಳಿಸಲು ಬಚ್ಚಿಟ್ಟೆ, ಅವಳು ಅದನ್ನೇ ಏಣಿ ಮಾಡಿಕೊಂಡು ಹತ್ತಿ ಹೋದಳು.

ಸತೀಶ್ ಕರೆದು ಅಂದರು, "ನಿಮ್ಮ ರೊಟ್ಟಿ ಪ್ಲ್ಯಾನ್ ಕಳಿಸಿ ಮಾರಾಯ್ರೆ. ಅದು ಪಾಸಾದ್ರೆ ಸೌತ್ ಹೆಡ್ ನೀವೇ. ಗಾನವಿ ನೋಡ್ತಾಳೆ."

13 ಜನವರಿ 2001, ಶನಿವಾರ

ಗಾನವಿ ಸಿಂಗಪುರದಿಂದ ಬಂದಿದ್ದಾಳೆ. ಪ್ಲ್ಯಾನ್ ಓದಿ ಐದು ತಿಂಗಳಾಯಿತು, ಹೌದೂ ಅಂದಿಲ್ಲ, ಇಲ್ಲವೂ ಅಂದಿಲ್ಲ. ಊಟಕ್ಕೆ ಕರೆದೆ. ಬಂದಳು.

ಖಡಕ್ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಬೆಳಿಗ್ಗೆಯಿಂದ ನಾನೇ ತಟ್ಟಿದ ರೊಟ್ಟಿ. ಅವಳು ಮುರಿದು, ಅದ್ದಿ, ನಿಧಾನ ತಿಂದಳು. ಒಂದು ರೊಟ್ಟಿ ಮುಗಿಯಿತು.

"ಹೆಂಗೈತಿ?" ಅಂದೆ. ಕೇಳಬಾರದಿತ್ತು.

"ಭಾಳ ಚಲೋ ಐತ್ರಿ ಅಕ್ಕ." ನಮ್ಮ ಮಾತು, ಒಂದಕ್ಷರ ತಪ್ಪಿಲ್ಲ. ಮುಖದಲ್ಲಿ ಅದೇ ನಗು.

"ಮತ್ತೆ... ಪ್ಲ್ಯಾನು?"

"ಅದೂ ಭಾಳ ಚಲೋ ಐತ್ರಿ."

ಅತ್ತೆ ಒಲೆ ಮುಂದಿನಿಂದ ನನ್ನ ಮುಖ ನೋಡಿದರು. ನಾನು ಇನ್ನೊಂದು ರೊಟ್ಟಿ ಎತ್ತಿಕೊಂಡು ಬಗ್ಗಿದೆ. ಗಾನವಿ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದಳು.